ಹಾಯಿದೋಣಿಯನ್ನು ರಾತ್ರಿ ಎಲ್ಲಿ ನಿಲ್ಲಿಸುತ್ತಾರೆ?

ಪ್ರಶ್ನೆ: ನಮ್ಮ ಮಗಳು ಡಿಸೆಂಬರಿನಲ್ಲಿ ಗೆಳತಿಯ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ಸಾಗರ ದಾಟುತ್ತಾಳಂತೆ. ಕೆನರಿ ದ್ವೀಪದಿಂದ ಕೆರಿಬಿಯನ್ ದ್ವೀಪಕ್ಕೆ. ಒಟ್ಟು ನಾಲ್ಕು ಜನ. ಮೂರು ವಾರ ನೆಲವೇ ಕಾಣುವುದಿಲ್ಲ ಅನ್ನುತ್ತಾಳೆ. ರಾತ್ರಿ ದೋಣಿಯನ್ನು ಎಲ್ಲಿ ನಿಲ್ಲಿಸುತ್ತಾರೆ? ಊಟ, ಸ್ನಾನ ಹೇಗೆ? ನಾನು ಏನು ಬುತ್ತಿ ಕಟ್ಟಿ ಕೊಡಲಿ? ಬಿರುಗಾಳಿ ನೆನೆಸಿಕೊಂಡರೆ ನನಗೆ ನಿದ್ದೆ ಹತ್ತುವುದಿಲ್ಲ.
— ಒಬ್ಬ ತಾಯಿ, ಗದಗ

ಉತ್ತರ: ಅಕ್ಕಾರೆ, ನಿಲ್ಲಿಸುವುದೇ ಇಲ್ಲ. ನಡುಸಾಗರದಲ್ಲಿ ನೀರು ಕಿಲೋಮೀಟರುಗಟ್ಟಲೆ ಆಳ, ಲಂಗರು ತಳ ಮುಟ್ಟುವುದಿಲ್ಲ. ಹಗಲು ರಾತ್ರಿ ದೋಣಿ ಹೋಗುತ್ತಲೇ ಇರುತ್ತದೆ. ದಾರಿ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. ಗಂಟೆಗೆ 5 ನಾಟಿಕಲ್ ಮೈಲಿ ಹೋದರೆ ದಿನಕ್ಕೆ 120. ಮಗಳು ಹೇಳಿದ ಮೂರು ವಾರ ಸರಿಯಾಗಿಯೇ ಇದೆ.

ಬಿರುಗಾಳಿಯ ಮಾತು ಮೊದಲು ಮುಗಿಸುತ್ತೇನೆ. ಅಲ್ಲಿ ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್ ಕೊನೆಯವರೆಗೆ. ಅದು ಕಳೆಯಲಿ ಅಂತಲೇ ಡಿಸೆಂಬರಿನಲ್ಲಿ ಹೊರಡುತ್ತಾರೆ. ಆಗ ಈಶಾನ್ಯದ ಗಾಳಿ ಬೆನ್ನಿಗೆ ಸಿಗುತ್ತದೆ. ಕಪ್ಪತಗುಡ್ಡದ ಗಾಳಿಯಂತ್ರ ನೋಡಿದ ನಿಮಗೆ ಗಾಳಿ ಹೊಸದಲ್ಲ ಬಿಡಿ. ಮಳೆಮೋಡದ ಜೊತೆ ಒಮ್ಮೆಲೇ ಜೋರು ಗಾಳಿ ಬರುವುದುಂಟು, ಅದಕ್ಕೆ ಹಾಯಿಯನ್ನು ಮೊದಲೇ ಕಿರಿದು ಮಾಡಿಕೊಳ್ಳುತ್ತಾರೆ. ನಾನು ಚಿಂತೆ ಮಾಡುವುದು ಬೇರೆ ಎರಡಕ್ಕೆ: ನಿದ್ದೆ ಮತ್ತು ನೀರಿಗೆ ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿ (ಬೆಲ್ಟ್).

ನಾಲ್ಕು ಜನರಿದ್ದರೆ ರಾತ್ರಿ ಮೂರು ಮೂರು ಗಂಟೆ ಪಾಳಿ. ಪಾಳಿಯಲ್ಲಿ ಇದ್ದವರು ಹತ್ತು ನಿಮಿಷಕ್ಕೊಮ್ಮೆ ಎದ್ದು ಸುತ್ತಲೂ ನೋಡಬೇಕು. ದೂರದಲ್ಲಿ ಕಾಣುವ ದೊಡ್ಡ ಹಡಗಿನ ದೀಪ ಇಪ್ಪತ್ತು ನಿಮಿಷದಲ್ಲಿ ಎದುರಿಗೇ ಬಂದಿರಬಹುದು. ಉಳಿದವರು ಮಲಗಬೇಕು. ಹಗಲು ಹರಟೆ ಹೊಡೆಯುತ್ತಾ ನಿದ್ದೆ ಬಿಟ್ಟವರು ಐದನೇ ದಿನಕ್ಕೆ ಸಿಡುಕುತ್ತಾರೆ, ಹಗ್ಗದ ಗಂಟು ಸರಿಯಾಗಿ ಹಾಕುವುದಿಲ್ಲ. ಸಾಗರದಲ್ಲಿ ಅಪಾಯ ಶುರುವಾಗುವುದು ಬಹುಮಟ್ಟಿಗೆ ಅಲ್ಲಿಂದಲೇ.

ಸುರಕ್ಷತಾ ಪಟ್ಟಿಯನ್ನು ಎದೆಗೆ ಕಟ್ಟಿಕೊಂಡು, ಅದರ ಕೊಕ್ಕೆಯನ್ನು ದೋಣಿಯ ಉದ್ದಕ್ಕೂ ಬಿಗಿದ ಪಟ್ಟಿಗೆ ಹಾಕಬೇಕು. ಹೊರಗೆ ಬಂದು ಹಾಕುವುದಲ್ಲ. ಮೆಟ್ಟಿಲ ಮೇಲೆ ನಿಂತು, ಕೊಕ್ಕೆ ಟಕ್ ಅಂದ ಮೇಲೆ ಡೆಕ್ಕಿಗೆ ಕಾಲಿಡಬೇಕು. ರಾತ್ರಿ ಒಬ್ಬರೇ ಇದ್ದಾಗ, ಇನ್ನೊಬ್ಬರನ್ನು ಎಬ್ಬಿಸದೆ ಮುಂಭಾಗಕ್ಕೆ ಹೋಗಲೇಬಾರದು. ಕತ್ತಲಲ್ಲಿ ನೀರಿಗೆ ಬಿದ್ದವರನ್ನು ಹುಡುಕುವುದು ಬಹಳ ಕಷ್ಟ. ಈ ನಿಯಮ ನಿಮ್ಮ ದೋಣಿಯಲ್ಲಿ ಇದೆಯಾ ಅಂತ ಮಗಳನ್ನು ಕೇಳಿ. ಗೆಳತಿ ಏನಂದುಕೊಳ್ಳುತ್ತಾಳೋ ಅನ್ನುವ ಸಂಕೋಚ ಬೇಡ.

ಈಗ ಅಡಿಗೆ. ಬೆನ್ನಗಾಳಿಯಲ್ಲಿ ದೋಣಿ ತೊಟ್ಟಿಲಿನ ಹಾಗೆ ಎಡಕ್ಕೆ ಬಲಕ್ಕೆ ತೂಗುತ್ತಲೇ ಇರುತ್ತದೆ. ಅದಕ್ಕೆ ಒಲೆಯನ್ನು ತೂಗುವಂತೆಯೇ ಕೂರಿಸಿರುತ್ತಾರೆ. ದೋಣಿ ವಾಲಿದರೂ ಒಲೆ ಮಟ್ಟವಾಗಿ ನಿಲ್ಲುತ್ತದೆ. ಪಾತ್ರೆ ಜಾರದಂತೆ ಎರಡೂ ಕಡೆ ಕಬ್ಬಿಣದ ಹಿಡಿ ಇರುತ್ತದೆ. ಇಲ್ಲಿ ನಮ್ಮ ಕುಕ್ಕರಿನಷ್ಟು ಒಳ್ಳೆಯ ಪಾತ್ರೆ ಇನ್ನೊಂದಿಲ್ಲ. ಗ್ಯಾಸ್ ಉಳಿಯುತ್ತದೆ, ಮುಚ್ಚಳ ಬಿಗಿ ಇರುವುದರಿಂದ ಬಿದ್ದರೂ ಬಿಸಿ ಬೇಳೆ ಚೆಲ್ಲುವುದಿಲ್ಲ. ಸಾಗರದಲ್ಲಿ ಸುಟ್ಟ ಗಾಯ ದೊಡ್ಡ ತೊಂದರೆ, ಡಾಕ್ಟರು ವಾರಗಟ್ಟಲೆ ದೂರ. ಚಹಾ ಬಗ್ಗಿಸುವಾಗ ಕಪ್ಪನ್ನು ಕೈಯಲ್ಲಿ ಹಿಡಿಯದೆ ಸಿಂಕಿನಲ್ಲಿಟ್ಟು ಬಗ್ಗಿಸಲಿ. ಊಟಕ್ಕೆ ತಾಟು ಬೇಡ, ಆಳದ ಬಟ್ಟಲೇ ಬೇಕು.

ಉಳ್ಳಾಗಡ್ಡಿ, ಆಲೂಗಡ್ಡೆ, ಎಲೆಕೋಸು ಕೊನೆಯವರೆಗೂ ಬರುತ್ತವೆ. ಟೊಮೆಟೊ ಕಾಯಿ ಇದ್ದಾಗಲೇ ಕೊಳ್ಳುತ್ತಾರೆ. ಬಾಳೆಗೊನೆ ಮಾತ್ರ ಒಮ್ಮೆಲೇ ಹಣ್ಣಾಗಿ ಎಲ್ಲರಿಗೂ ಬೇಸರ ತರಿಸುತ್ತದೆ. ಸಾಮಾನು ತಂದ ರಟ್ಟಿನ ಡಬ್ಬಗಳನ್ನು ದಡದಲ್ಲೇ ಬಿಡಬೇಕು, ಜಿರಳೆಯ ಮೊಟ್ಟೆ ಅದರೊಳಗೇ ಬರುತ್ತದೆ.

ನಿಮ್ಮ ಬುತ್ತಿಗೆ ಬರುತ್ತೇನೆ. ಜೋಳದ ಖಡಕ್ ರೊಟ್ಟಿ ಕೊಡಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ ಕೊಡಿ. ಒಲೆ ಹಚ್ಚಲು ಆಗದ ದಿನ ಇವೇ ಊಟ. ಆದರೆ ಗಾಳಿಯಾಡದ ಡಬ್ಬಿಗಳಲ್ಲಿ, ಎರಡು ಮೂರು ದಿನಕ್ಕೆ ಸಾಕಾಗುವಷ್ಟು ಬೇರೆ ಬೇರೆ ಕಟ್ಟಿ. ಒಂದೇ ದೊಡ್ಡ ಡಬ್ಬಿಯಾದರೆ ತೆಗೆದಾಗಲೆಲ್ಲ ಉಪ್ಪುಗಾಳಿ ಹೊಕ್ಕು ರೊಟ್ಟಿ ಮೆತ್ತಗಾಗುತ್ತದೆ. ಧಾರವಾಡ ಪೇಡೆ ಮಾತ್ರ ಬೇಡ. ಕೆನರಿ ದ್ವೀಪ ಸ್ಪೇನ್ ದೇಶದ್ದು. ಹೊರಗಿನಿಂದ ಹಾಲಿನ ಪದಾರ್ಥ ಒಯ್ಯಲು ಯುರೋಪಿನ ಒಕ್ಕೂಟದ ನಿಯಮ ಬಿಡುವುದಿಲ್ಲ.

ಸ್ನಾನ ಸಮುದ್ರದ ನೀರಲ್ಲೇ, ಬಕೆಟ್ಟಿನಲ್ಲಿ ಎತ್ತಿಕೊಂಡು. ಕೊನೆಗೆ ಒಂದು ತಂಬಿಗೆ ಸಿಹಿನೀರು ಹಾಕಿಕೊಂಡು ಉಪ್ಪು ಕಳೆದುಕೊಳ್ಳಲೇಬೇಕು. ಮೈಮೇಲೆ, ಬಟ್ಟೆಯಲ್ಲಿ ಉಳಿದ ಉಪ್ಪು ತೇವ ಎಳೆಯುತ್ತದೆ. ಬಟ್ಟೆ ಒಣಗುವುದೇ ಇಲ್ಲ, ಕೂತ ಜಾಗದಲ್ಲಿ ಗುಳ್ಳೆ ಏಳುತ್ತವೆ. ತೆಳು ಹತ್ತಿಯ ಬಟ್ಟೆ ಒಂದೆರಡು ಜೊತೆ ಜಾಸ್ತಿ ಇಡಿ. ಮೊದಲ ಎರಡು ಮೂರು ದಿನ ವಾಂತಿ, ತಲೆಸುತ್ತು ಬರಬಹುದು. ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಹೊರಡುವ ಮುಂಚೆಯೇ ತೆಗೆದುಕೊಳ್ಳಲಿ.

ಸ್ಯಾಟಲೈಟ್ ಮೂಲಕ ದಿನಾ ಒಂದು ಸಂದೇಶ ಬರಬಹುದು. ಒಂದು ದಿನ ಬರಲಿಲ್ಲ ಅಂದರೆ ಬ್ಯಾಟರಿಯೋ ಯಂತ್ರವೋ ಕೈಕೊಟ್ಟಿರುವುದೇ ಹೆಚ್ಚು. ಎಷ್ಟು ದಿನ ಸುದ್ದಿ ಇಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಹೊರಡುವ ಮುಂಚೆ ಬರೆಸಿಕೊಳ್ಳಿ.

ಪ್ರಶ್ನೆ: ನೌಕಾಪಡೆಯ ಇಬ್ಬರೇ ಅಧಿಕಾರಿಗಳು ಹಾಯಿದೋಣಿಯಲ್ಲಿ ಜಗತ್ತು ಸುತ್ತಿದ್ದನ್ನು ಓದಿದೆ. ಇಬ್ಬರೇ ಇದ್ದರೆ ಮಲಗುವುದು ಯಾವಾಗ?
— ಕಾಲೇಜು ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ದಿಲ್ನಾ ಮತ್ತು ರೂಪಾ ಅವರು 'ತಾರಿಣಿ'ಯಲ್ಲಿ ಗೋವಾದಿಂದ 2024ರ ಅಕ್ಟೋಬರ್ 2ರಂದು ಹೊರಟು, 2025ರ ಮೇ 29ರಂದು ಅಲ್ಲಿಗೇ ಮರಳಿದರು. ಇಬ್ಬರೇ ಇದ್ದಾಗ ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದಿರಬೇಕು. ಸ್ವಯಂಚಾಲಿತ ಚುಕ್ಕಾಣಿ ಇರುವುದರಿಂದ ಕೈ ಬಿಡುವಾಗುತ್ತದೆ, ಕಣ್ಣು ಬಿಡುವಾಗುವುದಿಲ್ಲ. ಹಾಯಿ ಬದಲಿಸಬೇಕಾದರೆ ಮಲಗಿದವರೂ ಏಳಬೇಕು. ಹಾಗಾಗಿ ನಿದ್ದೆ ತುಂಡು ತುಂಡು. ನಿಮಗೂ ಆಸೆ ಇದ್ದರೆ ಎನ್‌ಸಿಸಿ ನೌಕಾ ವಿಭಾಗ ನಿಮ್ಮ ಹತ್ತಿರದ ಕಾಲೇಜುಗಳಲ್ಲಿ ಎಲ್ಲಿದೆ ಅಂತ ಮೊದಲು ವಿಚಾರಿಸಿ. ಸಣ್ಣ ಹಾಯಿದೋಣಿ ನಡೆಸುವುದು ಅಲ್ಲಿನ ತರಬೇತಿಯಲ್ಲೇ ಇದೆ.