ಆಪ್ತಸಲಹೆ ಪ್ರಕರಣ: ‘ನಿಮ್ಮಮ್ಮ ಆಗ ಮನೇಲಿರಲಿಲ್ಲ ಕಣೋ’

(ಗುರುತು ಸಿಗಬಾರದೆಂದು ವಯಸ್ಸು, ಊರು, ಉದ್ಯೋಗದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ.)

ಆಕೆ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ಅರವತ್ತು ದಾಟಿದೆ, ಬ್ಯಾಂಕಿನಿಂದ ನಿವೃತ್ತಿ, ಹನುಮಂತನಗರದಲ್ಲಿ ಸ್ವಂತ ಮನೆ. ಜೊತೆಗಿರುವುದು ತೊಂಬತ್ತು ದಾಟಿದ ತಾಯಿ. ಹೊರದೇಶದಲ್ಲಿರುವ ಮಗ ‘ಅಜ್ಜಿ ಕಥೆಗಳನ್ನೆಲ್ಲ ರೆಕಾರ್ಡ್ ಮಾಡಿ ಕಳಿಸಮ್ಮ’ ಅಂದಿದ್ದ. ದಿನಾ ನಾಲ್ಕು ಗಂಟೆಗೆ, ಕಾಫಿ ಆದಮೇಲೆ, ಫೋನು ಮುಂದಿಟ್ಟುಕೊಂಡು ಶುರುಮಾಡಿದ್ದರು.

ಮೊದಲ ಒಂಬತ್ತು ರೆಕಾರ್ಡಿಂಗ್ ಹಬ್ಬದ ಹಾಗೆ ಆಗಿದ್ದವಂತೆ. ನನಗೂ ಎರಡು ಕೇಳಿಸಿದರು. ಚಾಮರಾಜಪೇಟೆಯ ವಠಾರ, ಪಾವು ಲೆಕ್ಕದಲ್ಲಿ ಅಳೆದು ಕೊಡುತ್ತಿದ್ದ ರೇಷನ್ ಅಕ್ಕಿ, ಅದರಲ್ಲಿ ಕಲ್ಲು ಆರಿಸುತ್ತಾ ಕೂತ ಮಕ್ಕಳ ಸಾಲು. ಪೆಟ್ರೋಲ್ ಸಿಗದ ಯುದ್ಧಕಾಲದಲ್ಲಿ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದ ಬಸ್ಸು. ಅದು ಹೊರಡುವ ಮೊದಲು ಒಬ್ಬ ಹಿಡಿಕೆ ತಿರುಗಿಸಿ ತಿರುಗಿಸಿ ಬೆವರುತ್ತಿದ್ದನ್ನು ಅಜ್ಜಿ ಕೈಯಲ್ಲೇ ಮಾಡಿ ತೋರಿಸಿದ್ದು ದನಿಯಲ್ಲೇ ಗೊತ್ತಾಗುತ್ತದೆ. ಜಾಲಹಳ್ಳಿ ಕಡೆಯ ಇಟಲಿ ಸೆರೆಯಾಳುಗಳೂ ಬಂದು ಹೋಗುತ್ತಾರೆ.

ಹತ್ತನೆಯದು 1965ರ ಯುದ್ಧ. ಶಾಸ್ತ್ರಿಗಳು ವಾರಕ್ಕೊಂದು ಹೊತ್ತು, ಸೋಮವಾರ ರಾತ್ರಿ, ಊಟ ಬಿಡಿ ಎಂದು ದೇಶಕ್ಕೆ ಹೇಳಿದ್ದರಲ್ಲ, ಆ ಮಾತು ಬಂತು. ‘ಸೋಮವಾರ ರಾತ್ರಿ ನಾನು ಒಲೇನೇ ಹಚ್ಚುತ್ತಿರಲಿಲ್ಲ. ನಿಮ್ಮಮ್ಮ ಆಗ ಮನೇಲಿರಲಿಲ್ಲ ಕಣೋ, ಎರಡು ವರ್ಷ ಮಾಗಡೀಲಿ ಅಣ್ಣನ ಮನೇಲಿ ಬಿಟ್ಟಿದ್ವಲ್ಲ’ ಎಂದು ಅಜ್ಜಿ ಫೋನಿನೊಳಗಿನ ಮೊಮ್ಮಗನಿಗೆ ಹೇಳಿ, ಮುಂದಿನ ಮಾತಿಗೆ ಹೋಗಿಬಿಟ್ಟರು.

ಎದುರಿಗೆ ಕೂತಿದ್ದ ಮಗಳಿಗೆ ಇದು ಹೊಸ ಸುದ್ದಿ. ಸೋದರಮಾವನ ಮನೆಯ ನೆನಪಿದೆ, ಆದರೆ ಬೇಸಿಗೆ ರಜೆಗೆ ಹೋಗಿದ್ದೆ ಅಂದುಕೊಂಡಿದ್ದರು. ‘ತಮ್ಮನನ್ನು ಇಟ್ಟುಕೊಂಡು ನನ್ನೊಬ್ಬಳನ್ನೇ ಕಳಿಸಿದ್ರಾ?’ ಎಂಬುದು ತಲೆಯಲ್ಲಿ ಕೂತಿತು. ರೆಕಾರ್ಡಿಂಗ್ ನಿಂತಿತು. ತಾಯಿ ಮಾತ್ರ ದಿನಾ ನಾಲ್ಕಕ್ಕೆ ಕೇಳುತ್ತಿದ್ದರು: ‘ಇವತ್ತು ಇಡಲ್ವಾ ಅದನ್ನ?’

ಇಲ್ಲಿ ನಾನೊಂದು ತಪ್ಪು ಮಾಡಿದೆ. ‘ಮನಸ್ಸಿನಲ್ಲಿಟ್ಟುಕೊಳ್ಳಬೇಡಿ, ಯಾಕೆ ಕಳಿಸಿದ್ರಿ ಅಂತ ನೇರವಾಗಿ ಕೇಳಿ’ ಎಂದೆ. ಕೇಳಿದರು, ಅದೂ ರೆಕಾರ್ಡಿಂಗ್ ಹಾಕಿಕೊಂಡೇ. ತಾಯಿ, ‘ನನ್ನನ್ನೇನು ಕೋರ್ಟಿಗೆ ಎಳೀತೀಯಾ?’ ಎಂದು ಎದ್ದು ಹೋದವರು ಆ ರಾತ್ರಿ ಊಟ ಮಾಡಲಿಲ್ಲ. ‘ಯಾಕೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಪ್ರಶ್ನೆಯಾಗಿ ಕೇಳಿಸುವುದೇ ಇಲ್ಲ, ಬೈಗುಳವಾಗಿಯೇ ಕೇಳಿಸುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿ ನನಗದು ಹೊಳೆಯಬೇಕಿತ್ತು.

ಮುಂದಿನ ಭೇಟಿಯಲ್ಲಿ ಬೇರೆ ಕಡೆಯಿಂದ ಶುರುಮಾಡಿದೆವು. ಮೊದಲು ಹೇಳಿದ್ದು ಇಷ್ಟು: ನೀವು ಎರಡು ಕೆಲಸವನ್ನು ಒಂದೇ ಕುರ್ಚಿಯಲ್ಲಿ ಕೂತು ಮಾಡುತ್ತಿದ್ದೀರಿ. ಮಗನಿಗಾಗಿ ಕಥೆ ಕೂಡಿಡುವುದು ಒಂದು, ಮಗಳಾಗಿ ತಾಯಿಯನ್ನು ಕೇಳಬೇಕಾದ್ದು ಇನ್ನೊಂದು. ಎರಡನೆಯದಕ್ಕೆ ಫೋನು ಬೇಡ, ಅಡುಗೆಮನೆ ಸಾಕು. ಸೊಪ್ಪು ಬಿಡಿಸುವಾಗ, ಮುಖ ಮುಖ ನೋಡದೆ, ‘ಆಗ ಮನೇಲಿ ಯಾರ್ಯಾರಿದ್ರು? ಬೆಳಗ್ಗೆ ಎದ್ದು ಮೊದಲು ಏನು ಮಾಡ್ತಿದ್ದೆ?’ ಎಂದು ಕೇಳಿ. ಉತ್ತರ ತಡವಾದರೆ ನೀವು ಮಾತು ತುಂಬಬೇಡಿ. ಅತ್ತರೆ ತಕ್ಷಣ ‘ಬಿಡಮ್ಮ, ಬಿಡು’ ಎನ್ನಬೇಡಿ, ಕೆದಕಲೂ ಹೋಗಬೇಡಿ. ಏಳುವ ಮೊದಲು ಮಾತನ್ನು ಇವತ್ತಿಗೆ ತನ್ನಿ: ರಾತ್ರಿಗೆ ಏನು ಮಾಡೋಣ, ತುಳಸಿಗೆ ನೀರು ಹಾಕಿದೆಯಾ, ಇಂಥದ್ದು. ರಾತ್ರಿ ನಿದ್ದೆ ಕೆಟ್ಟರೆ, ಬೆಳಗ್ಗೆ ಮಂಕಾಗಿದ್ದರೆ ಒಂದು ವಾರ ಈ ವಿಷಯವೇ ಬೇಡ. ಅದೇ ಮುಂದುವರಿದರೆ ವೈದ್ಯರಿಗೆ ತೋರಿಸಬೇಕು.

ಮುದುಕರು ಹಳೆಯದನ್ನೇ ಆಡುವುದು ಅರಳುಮರಳಲ್ಲ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದರು. ಬದುಕಿನ ಕೊನೆಯ ಭಾಗದಲ್ಲಿ ಮನಸ್ಸು ಲೆಕ್ಕ ನೋಡಿಕೊಳ್ಳುತ್ತದೆ, ಅದರಲ್ಲಿ ನೆಮ್ಮದಿಯೂ ಸಿಗಬಹುದು, ಪಶ್ಚಾತ್ತಾಪವೂ ಕಾಡಬಹುದು ಎಂಬುದು ಅವರ ಮಾತಿನ ಸಾರ. ಆಕೆಗೆ ಇದನ್ನು ಹೇಳಿದಾಗ, ‘ಹಾಗಾದ್ರೆ ಅಮ್ಮ ಬಾಯಿ ತಪ್ಪಿ ಹೇಳಿದ್ದಲ್ಲವೇನೋ’ ಅಂದರು. ನನಗೂ ಹಾಗೇ ಅನ್ನಿಸಿತ್ತು.

ಮೊಮ್ಮಗನಿಗೂ ಒಂದು ಮಾತು ಹೇಳಿ ಕಳಿಸಿದೆ. ‘ನಾನು ಹುಟ್ಟಿದ ವರ್ಷವೇ ಅಪ್ಪ ವಿಮಾನದ ಕಾರ್ಖಾನೆಗೆ ಸೇರಿದ್ರು’ ಎಂದು ಅಜ್ಜಿ ಹೇಳಿದ್ದಕ್ಕೆ, ‘ಅದು ಶುರುವಾಗಿದ್ದೇ 1940ರ ಡಿಸೆಂಬರಿನಲ್ಲಿ, ನಿನಗಾಗಲೇ ಆರು ವರ್ಷ’ ಎಂದು ಅವನು ತಿದ್ದಿದ್ದ. ‘ನಿನಗೇ ಎಲ್ಲಾ ಗೊತ್ತಲ್ಲ’ ಎಂದು ಅಜ್ಜಿ ಅವತ್ತು ಬಾಯಿ ಮುಚ್ಚಿದ್ದರು. ಇಸವಿ ಅವನು ಹೇಳಿದ್ದೇ ಸರಿ. ಅದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಲಿ, ಅಜ್ಜಿಗೆ ಹೇಳುವುದು ಬೇಡ. ಇಸವಿ ಕೇಳುವ ಬದಲು ವಸ್ತು ತೋರಿಸಿ ಕೇಳುವುದು ಎಷ್ಟೋ ಮೇಲು. ಮನೆಯಲ್ಲಿದ್ದ ಹಳೆಯ ಹಿತ್ತಾಳೆ ಪಾವನ್ನು ಕೈಗೆ ಕೊಟ್ಟ ದಿನ ಅಜ್ಜಿ ನಲವತ್ತು ನಿಮಿಷ ಮಾತಾಡಿದರಂತೆ. ಅದಕ್ಕಿಂತ ಹೆಚ್ಚು ಹೊತ್ತು ಕೂರಿಸಬೇಡಿ. ಫ್ಯಾನು ಆರಿಸಿ, ಫೋನಿನ ಕೆಳಗೆ ಮಡಿಸಿದ ಟವೆಲ್ ಇಡಿ. ಮುಖ್ಯವಾಗಿ, ಪ್ರತಿ ಸಲ ಮುಗಿದಮೇಲೆ ಇದನ್ನು ಯಾರು ಯಾರು ಕೇಳಬಹುದು ಎಂದು ಅವರನ್ನೇ ಕೇಳಿ. ಮನೆಯವರ ವಾಟ್ಸಾಪ್ ಗುಂಪಿಗೆ ತಂತಾನೇ ಹೋಗುವುದು ಬೇಡ.

ಸುಮಾರು ಮೂರು ವಾರದ ಮೇಲೆ, ಮೆಂತ್ಯಸೊಪ್ಪು ಬಿಡಿಸುತ್ತಾ ಮಾತು ಬಂತು. ತಮ್ಮನಿಗೆ ವರ್ಷ ತುಂಬುವಷ್ಟರಲ್ಲಿ ಪೋಲಿಯೋ. ಗಂಡನಿಗೆ ರಾತ್ರಿ ಪಾಳಿ. ಮಗುವನ್ನು ಸೊಂಟದ ಮೇಲೆ ಹೊತ್ತು ಆಸ್ಪತ್ರೆಗೆ ಅಲೆದಾಟ, ಜೊತೆಗೆ ಕೈ ಹಿಡಿದುಕೊಂಡು ನಡೆಯಲು ಅಳುವ ಮೂರು ವರ್ಷದವಳು. ಅಣ್ಣ ಬಂದು ಕರೆದುಕೊಂಡು ಹೋದ. ‘ನಿನ್ನದೊಂದು ಲಂಗ ಇಲ್ಲೇ ಉಳಿದಿತ್ತು. ಅದನ್ನೇ ಒಗೆದು ಒಗೆದು ಇಡ್ತಿದ್ದೆ’ ಅಂದರಂತೆ ತಾಯಿ. ಮಗಳು ಏನೂ ಹೇಳಲಿಲ್ಲ. ಸೊಪ್ಪು ಮುಗಿಯಿತು.

‘ಕೋಪ ಹೋಯಿತಾ?’ ಎಂದು ನಾನು ಕೇಳಲಿಲ್ಲ. ಅವರಾಗಿಯೇ, ‘ಇಲ್ಲ ಮೇಡಂ, ಇದೆ, ಆದ್ರೆ ನಿದ್ದೆ ಬರುತ್ತೆ’ ಎಂದರು. ಒಂದು ತಿಂಗಳ ಮೇಲೆ ಮತ್ತೆ ಬರಲು ಹೇಳಿದ್ದೇನೆ.

ನಾಲ್ಕು ಗಂಟೆಯ ರೆಕಾರ್ಡಿಂಗ್ ಮತ್ತೆ ಶುರುವಾಗಿದೆ. ಲಂಗದ ಮಾತನ್ನು ತಾಯಿ ಒಂದು ದಿನ ತಾವಾಗಿಯೇ ಫೋನಿಗೂ ಹೇಳಿದರು. ಯಾರಿಗೆ ಕಳಿಸಲಿ ಎಂದು ಮಗಳು ಕೇಳಿದ್ದಕ್ಕೆ, ‘ಇದು ನಿನಗೆ. ಅವನಿಗೆ ಇದ್ದಿಲು ಬಸ್ಸಿಂದು ಕಳಿಸು’ ಅಂದರಂತೆ.