ಹೊಸ ಜಿಮ್ನಿಯಲ್ಲಿ ಸ್ಪಿತಿಗೆ ಹೋಗಬಹುದಾ?

ಕೋಲಾರದಿಂದ ಹೊಸ ಜಿಮ್ನಿಯಲ್ಲಿ (ಮಾರುತಿಯ ಫೋರ್ ವೀಲ್ ಡ್ರೈವ್ ಗಾಡಿ) ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಬೇಕು, ಆಫ್‌ರೋಡ್ ಅನುಭವ ಇಲ್ಲ ಎಂದಿದ್ದೀರಿ. ಗಾಡಿ ಧಾರಾಳ ಸಾಕು ಸರ್. ಕೈ ಪಳಗಬೇಕು, ಅಷ್ಟೇ.

ನಾನು ತುಮಕೂರಿನವನು. ಮಧುಗಿರಿ ಕಡೆ ಊರವರನ್ನು ಕೇಳಿಕೊಂಡು, ಒಣಗಿದ ಕೆರೆ ಅಂಗಳದಲ್ಲೇ ಕಲಿತೆ. ನೀವೂ ಹಾಗೇ ಲೋ ರೇಂಜ್ (ವೇಗ ಕಮ್ಮಿ, ಎಳೆಯುವ ಶಕ್ತಿ ಜಾಸ್ತಿ ಕೊಡುವ ಗೇರ್) ಹಾಕಿ ನಿಧಾನಕ್ಕೆ ಹತ್ತಿಸಿ, ಇಳಿಸಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರಿರುತ್ತದೆ, ಮೊದಲು ನಡೆದು ನೋಡಿ. ಕಾಡಿನೊಳಗೆ ಮಾತ್ರ ದಯವಿಟ್ಟು ಗಾಡಿ ನುಗ್ಗಿಸಬೇಡಿ.

ಶಿಮ್ಲಾ, ಕಿನ್ನೌರ್ ಕಡೆಯಿಂದ ಹತ್ತಿ ಮನಾಲಿ ಕಡೆ ಇಳಿಯಿರಿ. ಎತ್ತರ ನಿಧಾನವಾಗಿ ಏರುವುದರಿಂದ ಮೈಗೆ ಒಗ್ಗುತ್ತದೆ. ಸ್ಪಿತಿಯಿಂದ ಮನಾಲಿ ಕಡೆಗೆ ದಾಟುವ ಕುಂಜುಮ್ ಪಾಸ್ 4,500 ಮೀಟರ್‌ಗಿಂತ ಎತ್ತರ ಅಲ್ವಾ, ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ಜಿಮ್ನಿ ಎಂಜಿನ್ ಅಲ್ಲಿನ ತೆಳು ಗಾಳಿಗೆ ಸೊರಗುತ್ತದೆ. ಗಾಬರಿ ಬೇಡ.

ನಿಜವಾದ ಪರೀಕ್ಷೆ ಇರುವುದು ಪಾಸ್ ಇಳಿದ ಮೇಲೆ, ಮನಾಲಿ ದಾರಿಯಲ್ಲಿ ಬಾತಲ್‌ನಿಂದ ಗ್ರಾಂಫೂವರೆಗೆ. ಹಿಮ ಕರಗಿದ ನೀರು ರಸ್ತೆ ಮೇಲೇ ಹರಿಯುತ್ತದೆ, ಬಿಸಿಲೇರಿದಂತೆ ಜಾಸ್ತಿಯಾಗುತ್ತದೆ. ಹಿಂದಿನ ರಾತ್ರಿ ಪಾಸ್‌ಗೆ ಮೊದಲೇ ಸಿಗುವ ಲೋಸರ್ ಹಳ್ಳಿಯಲ್ಲಿ ಉಳಿದು ಬೆಳಗಿನ ಜಾವವೇ ಹೊರಡಿ. ಮುಂದಿನ ಗಾಡಿಯ ಚಕ್ರ ಎಷ್ಟು ಮುಳುಗಿತು ನೋಡಿ, ಆಮೇಲೆ ಮೊದಲ ಗೇರಿನಲ್ಲಿ ಎಲ್ಲೂ ನಿಲ್ಲಿಸದೆ ದಾಟಿ. ನೀರಿನ ಮಧ್ಯೆ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹಾಳಾಗುತ್ತದೆ. ಹಗ್ಗ ಕಟ್ಟಿ ಎಳೆಸಿಕೊಳ್ಳಿ.