ಡಿ750 ಮಾರಿ ಮಿರರ್‌ಲೆಸ್‌ಗೆ ಹೋಗಲೇ ಅಂದಿರಿ. ಮೊದಲು ಲೆನ್ಸಿಗೆ ಟಾರ್ಚ್ ಹಿಡಿಯಿರಿ

ಶಿರಸಿ, ಕುಮಟಾ ಕಡೆಯ ಮದುವೆ ಮತ್ತು ಯಕ್ಷಗಾನ. ಕೈಯಲ್ಲಿ ನಿಕಾನ್ ಡಿ750 ಕ್ಯಾಮೆರಾ, 24-120 ಎಫ್4, ಹಳೆಯ 50 ಎಂಎಂ ಎಫ್1.8 ಡಿ, 80-200 ಎಫ್2.8 ಡಿ ಲೆನ್ಸುಗಳು (ಎಫ್ ಅಂಕ ಸಣ್ಣದಾದಷ್ಟು ಒಳಬರುವ ಬೆಳಕು ಹೆಚ್ಚು). ಫೋಟೊ ಮಬ್ಬು, ಕಣ್ಣು ಶಾರ್ಪ್ ಬರುವುದಿಲ್ಲ, ಗ್ರೇನ್ (ಚಿತ್ರದ ಕಾಳುಕಾಳು) ಜಾಸ್ತಿ, ಅದಕ್ಕೇ ನಿಕಾನಿನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಝಡ್6 ತ್ರೀ ತಗೊಳ್ಳಲೇ ಅಂತ ಕೇಳಿದ್ದೀರಿ. ನನ್ನ ಬ್ಯಾಗಿನಲ್ಲೂ ಇವೇ ಇದ್ದವು, ದೂರೂ ಇದೇ ಇತ್ತು. ನೀವು ಬರೆದ ಮೂರೂ ತೊಂದರೆಗೆ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಕಾರಣ ಅಂತ ನೀವು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ನಾನು ಒಪ್ಪುವುದಿಲ್ಲ.

ಡಿ750 ಬಂದದ್ದು 2014ರಲ್ಲಿ, 24.3 ಮೆಗಾಪಿಕ್ಸೆಲ್ ಫುಲ್ ಫ್ರೇಮ್. ಝಡ್6 ತ್ರೀ 2024ರದ್ದು, 24.5 ಮೆಗಾಪಿಕ್ಸೆಲ್. ಹೊಸ ಸೆನ್ಸರಿನ ದೊಡ್ಡಸ್ತಿಕೆ ಇರುವುದು ವೇಗದಲ್ಲಿ. ಐಎಸ್‌ಒ 6400ರ (ಬೆಳಕು ಸಾಲದಾಗ ಏರಿಸುವ ಸಂವೇದನೆಯ ಅಂಕ) ಗ್ರೇನ್ ನೋಡಿ ಬೇಜಾರಾಗಿ ಹೊಸದು ತಂದರೆ, ಅದೇ ಲೆನ್ಸು ಅದೇ ಬೆಳಕಿನಲ್ಲಿ ಹೆಚ್ಚುಕಡಿಮೆ ಅದೇ ಗ್ರೇನ್ ಮತ್ತೆ ಸಿಗುತ್ತದೆ. ಕಡಿಮೆ ಐಎಸ್‌ಒದಲ್ಲಿ ಕಪ್ಪಾದ ನೆರಳಿನ ಭಾಗವನ್ನು ಆಮೇಲೆ ಎಡಿಟಿಂಗ್‌ನಲ್ಲಿ ಬೆಳಗಿಸುವ ವಿಷಯದಲ್ಲಂತೂ ಹಿಂದಿನ ಝಡ್6 ಟೂಗಿಂತ ಇದು ತುಸು ಹಿಂದೆಯೇ.

ಮಬ್ಬಿನಿಂದ ಶುರು ಮಾಡಿ. ಲೆನ್ಸ್ ಬಿಚ್ಚಿ, ಎರಡೂ ಮುಚ್ಚಳ ತೆಗೆದು ಕತ್ತಲೆ ಕೋಣೆಗೆ ಹೋಗಿ. ನಿಮ್ಮ ಡಿ ಲೆನ್ಸುಗಳಲ್ಲಿ ಅಪರ್ಚರ್ (ಬೆಳಕು ಬಿಡುವ ರಂಧ್ರ) ತಿರುಗಿಸುವ ರಿಂಗ್ ಇರುವುದರಿಂದ ಪೂರ್ತಿ ತೆರೆಯುವುದು ಸುಲಭ. 24-120ಕ್ಕೆ ಮೌಂಟಿನ ಪಕ್ಕದ ಸಣ್ಣ ಲಿವರನ್ನು ಬೆರಳಲ್ಲಿ ಮೆತ್ತಗೆ ಸರಿಸಿ ಹಿಡಿಯಬೇಕು. ಮುಂದಿನಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು ಹಿಂದಿನಿಂದ ನೋಡಿ. ಚುಕ್ಕೆ ಚುಕ್ಕೆ ಕಂಡರೆ ಧೂಳು, ಅದರಿಂದ ಏನೂ ಆಗುವುದಿಲ್ಲ. ಜೇಡರ ಬಲೆಯ ಹಾಗೆ ಕವಲೊಡೆದ ಎಳೆ ಕಂಡರೆ ಫಂಗಸ್. ಹಾಲು ಚೆಲ್ಲಿ ಒರೆಸಿದ ಗಾಜಿನಂತಿದ್ದರೆ ಹೇಜ್. ಫಂಗಸ್ಸೂ ಹೇಜೂ ಎದುರು ಬೆಳಕು ಬಿದ್ದ ಕೂಡಲೇ ಚಿತ್ರವನ್ನು ತೊಳೆದು ಹಾಕುತ್ತವೆ. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ, ಚಪ್ಪಲಿ, ಪುಸ್ತಕಕ್ಕೆಲ್ಲ ಬೂಷ್ಟು ಹಿಡಿಯುವಾಗ ಬ್ಯಾಗಿನ ಸ್ಪಂಜಿನಲ್ಲಿ ಬಿದ್ದಿರುವ ಲೆನ್ಸ್ ಮಾತ್ರ ಹೇಗೆ ಉಳಿದೀತು? ಬೇಗ ಕಂಡರೆ ಬಿಚ್ಚಿಸಿ ಕ್ಲೀನ್ ಮಾಡಿಸಬಹುದು. ಗಾಜಿನ ಕೋಟಿಂಗ್ ತಿಂದಿದ್ದರೆ ಗುರುತು ಹೋಗುವುದಿಲ್ಲ.

ಕಣ್ಣು ಶಾರ್ಪ್ ಇಲ್ಲ ಎಂಬುದಕ್ಕೆ ಇನ್ನೊಂದು ಪರೀಕ್ಷೆ. 50 ಎಂಎಂ ಹಾಕಿ, ಎಫ್1.8ಕ್ಕೆ ಇಟ್ಟು, ಟ್ರೈಪಾಡ್ ಮೇಲೆ ನಿಲ್ಲಿಸಿ. ಎರಡೂವರೆ ಮೀಟರ್ ದೂರದಲ್ಲಿ ಒಂದು ರಟ್ಟಿನ ಡಬ್ಬಿ, ಅದರ ಪಕ್ಕ ಓರೆಯಾಗಿ ಒರಗಿಸಿದ ಸ್ಕೇಲ್. ಮೊದಲು ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ) ಫೋಕಸ್ ಮಾಡಿ ಒಂದು ಹೊಡೆಯಿರಿ. ಆಮೇಲೆ ವ್ಯೂಫೈಂಡರಿನಲ್ಲಿ ಐದು; ಪ್ರತಿ ಸಲ ಫೋಕಸ್ ರಿಂಗ್ ತಿರುಗಿಸಿ ಕೆಡಿಸಿಯೇ ಮತ್ತೆ ಮಾಡಬೇಕು. ಲೈವ್ ವ್ಯೂದು ಚಾಕುವಿನಂತಿದ್ದು ಉಳಿದವು ಒಂದೇ ಕಡೆಗೆ ಸರಿದಿದ್ದರೆ ಸೆಟಪ್ ಮೆನುವಿನ ಎಎಫ್ (ಆಟೋಫೋಕಸ್) ಫೈನ್-ಟ್ಯೂನ್‌ಗೆ ಹೋಗಿ. ಫೋಕಸ್ ಡಬ್ಬಿಗಿಂತ ಈಚೆ ಬೀಳುತ್ತಿದ್ದರೆ ಪ್ಲಸ್, ಆಚೆ ಬೀಳುತ್ತಿದ್ದರೆ ಮೈನಸ್, ಐದೈದು ಅಂಕ ಸರಿಸಿ ನೋಡಿ. ಎರಡೂ ಕಡೆ 20ರವರೆಗೆ ಅವಕಾಶವಿದೆ. ಜೂಮ್ ಲೆನ್ಸಿಗೂ ಒಂದೇ ಅಂಕ ಕೊಡಲು ಬರುವುದು, ಹಾಗಾಗಿ ಹೆಚ್ಚು ಬಳಸುವ ತುದಿಯಲ್ಲಿ ಹೊಂದಿಸಿ. ಐದೂ ಐದು ದಿಕ್ಕಿಗೆ ಹೋಗಿದ್ದರೆ ಇದರಿಂದ ಸರಿಹೋಗದು, ಸರ್ವಿಸ್‌ಗೇ ಕೊಡಬೇಕು.

ಇನ್ನು ಗ್ರೇನ್. ಎಫ್4ರಿಂದ ಎಫ್1.8ಕ್ಕೆ ಹೋದರೆ ಸುಮಾರು ಐದು ಪಟ್ಟು ಬೆಳಕು. 6400 ಇದ್ದ ಐಎಸ್‌ಒ 1250ಕ್ಕೆ ಇಳಿಯುತ್ತದೆ. ಯಾವ ಹೊಸ ಬಾಡಿಯೂ ಇಷ್ಟು ಕೊಡುವುದಿಲ್ಲ. ಮನೆ ಮದುವೆಯ ಚಪ್ಪರದಲ್ಲಿ ಇನ್ನೊಂದು ಪೀಡೆಯಿದೆ: ಈಗ ಅಡಿಕೆ ಸೋಗೆಯ ಬದಲು, ಇಲ್ಲವೇ ಅದರ ಮೇಲೆ, ಹಸಿರು ಶೇಡ್ ನೆಟ್ ಎಳೆಯುತ್ತಾರೆ. ಹಗಲು ಹನ್ನೆರಡಕ್ಕೆ ಅದರಡಿ ಮದುಮಗಳ ಮುಖ ಕೆಸುವಿನ ಎಲೆಯ ಬಣ್ಣ. ಗ್ರೇ ಕಾರ್ಡ್ (ಬೂದು ರಟ್ಟು) ಹಿಡಿದು ಆ ಬೆಳಕಿನ ಬಣ್ಣಕ್ಕೆ ತಕ್ಕ ಪ್ರೀಸೆಟ್ ವೈಟ್ ಬ್ಯಾಲೆನ್ಸ್ ತೆಗೆದುಕೊಳ್ಳಿ, ಫ್ಲ್ಯಾಶಿಗೂ ಹಸಿರು ಜೆಲ್ (ಬಣ್ಣದ ತೆಳು ಹಾಳೆ) ಹಾಕಿ. ಬರೀ ಬಿಳಿ ಫ್ಲ್ಯಾಶ್ ಹೊಡೆದರೆ ಮುಖ ಸರಿಯಾಗಿ ಹಿಂದಿನವರೆಲ್ಲ ಹಸಿರಾಗುತ್ತಾರೆ. ಹೆಂಚಿನ ಮಾಡಿಗೆ ಫ್ಲ್ಯಾಶ್ ಬಡಿಸಿ ಬೌನ್ಸ್ ಮಾಡಲು ಹೋಗಬೇಡಿ. ಹೊಗೆ ಹಿಡಿದ ಕಪ್ಪು ಪಕಾಸಿ (ಮಾಡಿನ ಮರದ ಪಟ್ಟಿ) ಬೆಳಕನ್ನೆಲ್ಲ ನುಂಗುತ್ತದೆ. ಸ್ಟ್ಯಾಂಡ್ ಮೇಲೆ ಒಂದು ಫ್ಲ್ಯಾಶ್, ಬಿಳಿ ಕೊಡೆ, ಒಂದು ಟ್ರಿಗರ್, ಅಷ್ಟೇ ಸಾಕು. ಹೋಮದ ಹೊಗೆ ಇದ್ದಾಗ ಆ ಸ್ಟ್ಯಾಂಡನ್ನು ಪಕ್ಕಕ್ಕೆ ಇಡಿ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಹೊಗೆಗೆ ಬಡಿದು ವಾಪಸ್ ಲೆನ್ಸಿಗೇ ಬರುತ್ತದೆ, ನಿಮ್ಮ "ಮಬ್ಬು" ಅರ್ಧ ಇದೇ ಇರಬಹುದು.

ಈಗ ದುಡ್ಡು ಹೋಗುವ ಜಾಗ. ನನ್ನದೂ ಇಲ್ಲೇ ಹೋಯಿತು, ಹಾಗಾಗಿ ಉದ್ದಕ್ಕೆ ಬರೆಯುತ್ತೇನೆ. ಅಂಗಡಿಯಲ್ಲಿ "ಎಫ್‌ಟಿಝಡ್ ಅಡಾಪ್ಟರ್ ಹಾಕಿದ್ರೆ ಹಳೇ ಲೆನ್ಸ್ ಎಲ್ಲಾ ನಡೀತದೆ" ಅನ್ನುತ್ತಾರೆ. ಹಳೆಯ ಲೆನ್ಸನ್ನು ಝಡ್ ಬಾಡಿಗೆ ಕೂರಿಸುವ ಕೊಂಡಿ ಅದು. ಅವರ ಮಾತು ಅರ್ಧ ಸತ್ಯ. ಡಿ750ಯ ಮೌಂಟಿನ ಅಂಚಿನಲ್ಲಿ, ಸ್ಕ್ರೂಡ್ರೈವರ್ ತುದಿಯಂಥ ಒಂದು ಪುಟ್ಟ ಕಡ್ಡಿ ಹೊರಗೆ ಚಾಚಿಕೊಂಡಿದೆ ನೋಡಿ. ನಿಮ್ಮ ಎರಡೂ ಡಿ ಲೆನ್ಸಿನ ಹಿಂಭಾಗದಲ್ಲಿ ಅದು ಕೂರುವ ಸೀಳು ಇದೆ. ಆ ಲೆನ್ಸುಗಳೊಳಗೆ ಮೋಟರ್ ಇಲ್ಲ. ಬಾಡಿಯೊಳಗಿನ ಮೋಟರ್ ಈ ಕಡ್ಡಿ ತಿರುಗಿಸಿಯೇ ಫೋಕಸ್ ಆಗುವುದು. ಝಡ್ ಬಾಡಿಯಲ್ಲಿ ಆ ಮೋಟರ್ ಇಲ್ಲ. ಎಫ್‌ಟಿಝಡ್‌ನಲ್ಲಿ ಇಲ್ಲ, ಎಫ್‌ಟಿಝಡ್ ಟೂನಲ್ಲೂ ಇಲ್ಲ. ಅಂದಮೇಲೆ 50 ಡಿ, 80-200 ಡಿ ಎರಡೂ ಹೊಸ ಕ್ಯಾಮೆರಾದಲ್ಲಿ ಕೈಯಲ್ಲೇ ಫೋಕಸ್ ಮಾಡಬೇಕಾದ ಲೆನ್ಸುಗಳು. ಮೀಟರ್ ನಡೆಯುತ್ತದೆ, ಅಪರ್ಚರ್ ನಡೆಯುತ್ತದೆ, ಅದಕ್ಕೇ ಅಂಗಡಿಯಲ್ಲಿ ಒಂದು ಕ್ಲಿಕ್ ಹೊಡೆದು ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಧಾರೆಯ ಹೊತ್ತಿಗೆ. ನಿಮ್ಮ 24-120 ಎಎಫ್-ಎಸ್, ಅಂದರೆ ಒಳಗೇ ಮೋಟರ್ ಇರುವಂಥದು, ಆದ್ದರಿಂದ ಅದೊಂದು ಸರಿಯಾಗಿ ನಡೆಯುತ್ತದೆ. ಅದೇ ಎಫ್4 ಲೆನ್ಸ್, ಅದೇ ಗ್ರೇನ್.

ಹೀಗಾಗಿ ಬಾಡಿಯ ಬೆಲೆಯೊಂದನ್ನೇ ಲೆಕ್ಕ ಹಾಕಬೇಡಿ. ಅಡಾಪ್ಟರ್ ಸೇರಿಸಿ. ಝಡ್6 ತ್ರೀಯ ಎರಡು ಕಾರ್ಡ್ ಸ್ಲಾಟುಗಳಲ್ಲಿ ಒಂದು ಸಿಎಫ್ ಎಕ್ಸ್‌ಪ್ರೆಸ್ ಟೈಪ್ ಬಿಯದ್ದು. ಎರಡೂ ಕಾರ್ಡಿಗೆ ಒಟ್ಟಿಗೆ ಬರೆಸಬೇಕಾದರೆ ಆ ಕಾರ್ಡೂ ಅದರ ರೀಡರೂ ಬೇಕು. ಮದುವೆ ಹೊಡೆಯುವವರು ಒಂದೇ ಕಾರ್ಡಿಗೆ ಬರೆಸುವುದು ನನಗಂತೂ ಒಪ್ಪಿಗೆಯಿಲ್ಲ. ಬ್ಯಾಟರಿ ನೋಡಿ: ಕಂಪನಿ ಲೆಕ್ಕದಲ್ಲಿ ಡಿ750 ಒಂದು ಚಾರ್ಜಿಗೆ 1230 ಶಾಟ್, ಹೊಸದು ವ್ಯೂಫೈಂಡರಿನಲ್ಲಿ 360ರ ಆಸುಪಾಸು. ಕೆಲಸದಲ್ಲಿ ಎರಡೂ ಇದಕ್ಕಿಂತ ಹೆಚ್ಚು ಬರುತ್ತವೆ, ಆದರೂ ಇನ್ನೆರಡು ಬ್ಯಾಟರಿ ಬೇಕೇ ಬೇಕು. ಆಮೇಲೆ 80-200ರ ಜಾಗ ತುಂಬಲು ಝಡ್ 70-200 ಎಫ್2.8ರ ಬೆಲೆ ಕೇಳಿ ನೋಡಿ.

ಬಾಡಿ ಬದಲಿಸಲು ನಿಜವಾದ ಕಾರಣಗಳೂ ಇವೆ. ಡಿ750ಯಲ್ಲಿ ಫೋಕಸ್ ಪಾಯಿಂಟುಗಳೆಲ್ಲ ನಡುಮಧ್ಯೆ ಗುಂಪಾಗಿವೆ. ಝಡ್6 ತ್ರೀ ಚೌಕಟ್ಟಿನ ಅಂಚಿನಲ್ಲಿರುವ ಕಣ್ಣನ್ನೂ ಹಿಡಿದು ಹಿಂಬಾಲಿಸುತ್ತದೆ. ವಿಡಿಯೋ ಆರ್ಡರ್ ಬರುತ್ತಿದ್ದರೆ ಎರಡನೇ ಮಾತೇ ಇಲ್ಲ. ಇನ್ನೊಂದು, ಯಕ್ಷಗಾನದ ಆಟದ ರಂಗಸ್ಥಳ. ಅಗ್ಗದ ಎಲ್‌ಇಡಿ ಫ್ಲಡ್‌ಲೈಟ್ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಶಟರ್ 1/100 ಇಟ್ಟರೆ ಒಂದು ಮಿಣುಕು ಪೂರ್ತಿ ಸಿಗುತ್ತದೆ, ಆದರೆ ವೇಷ ಗಿರಕಿ ಹೊಡೆಯುವಾಗ ಕೈಕಾಲು ಅಲುಗುತ್ತದೆ. 1/250 ಇಟ್ಟರೆ ಒಂದು ಫ್ರೇಮ್ ಬೆಳ್ಳಗೆ, ಮುಂದಿನದು ಕಂದು, ಕೆಲವಕ್ಕೆ ಅಡ್ಡ ಪಟ್ಟಿ. ಹೊಸ ಬಾಡಿ ಮೆಕ್ಯಾನಿಕಲ್ ಶಟರಿನಲ್ಲಿ ಬೆಳಕು ಏರಿದ ಗಳಿಗೆ ನೋಡಿ ಹೊಡೆಯುತ್ತದೆ. ಡಿ750ಯಲ್ಲಿ ಫೋಟೊಗೆ ಆ ಸೌಲಭ್ಯ ಇಲ್ಲ. ನಿಮ್ಮ ಸಂಪಾದನೆಯ ದೊಡ್ಡ ಪಾಲು ಆಟದಿಂದ ಅಥವಾ ವಿಡಿಯೋದಿಂದ ಬರುತ್ತಿದ್ದರೆ ತಗೊಳ್ಳಿ. ಮದುವೆ ಸ್ಟಿಲ್ಸ್ ಮಾತ್ರ ಆದರೆ ಈ ವರ್ಷ ಬೇಡ.

ಅದರ ಬದಲು ಎಎಫ್-ಎಸ್ 85 ಎಂಎಂ ಎಫ್1.8 ಜಿ ತಗೊಳ್ಳಿ. ಡಿ750ಯಲ್ಲಿ ನಡೆಯುತ್ತದೆ, ಮುಂದೆ ಝಡ್‌ಗೆ ಹೋದರೂ ಅಡಾಪ್ಟರಿನಲ್ಲಿ ಆಟೋಫೋಕಸ್ ಸಹಿತ ನಡೆಯುತ್ತದೆ. ಜೊತೆಗೆ ಆ ಫ್ಲ್ಯಾಶ್ ಸೆಟ್ಟು, ಒಂದು ಡ್ರೈ ಕ್ಯಾಬಿನೆಟ್ (ಒಳಗಿನ ತೇವ ತೆಗೆಯುವ ಕರೆಂಟಿನ ಪೆಟ್ಟಿಗೆ). ಕ್ಯಾಬಿನೆಟ್ಟನ್ನು 40ರಿಂದ 50 ಪರ್ಸೆಂಟ್ ತೇವಕ್ಕೆ ಇಡಿ; 30ಕ್ಕಿಂತ ಕೆಳಗೆ ಒಣಗಿಸಿದರೆ ರಬ್ಬರು, ಗ್ರೀಸು ಹಾಳಾಗುತ್ತವೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಾಗ ಅದು ಬರೀ ಪೆಟ್ಟಿಗೆ, ಆದ್ದರಿಂದ ಒಳಗೆ ಕಾಲು ಕಿಲೋ ಸಿಲಿಕಾ ಜೆಲ್ ಇಟ್ಟಿರಿ. ಕಿತ್ತಳೆ ಬಣ್ಣದ್ದು ತಗೊಳ್ಳಿ, ತೇವ ಕುಡಿದಾಗ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅದನ್ನು ಮತ್ತೆ ಒಣಗಿಸಲೆಂದು ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ.